ಮುಂದಿನ ಸಾಲಿನ ಕುರ್ಚಿ

ಮಣ್ಣು ಮಾಡಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಕಸದ ಲಾರಿ ಬಂತು. ಹಾಡಿದವರು, ಬಡಿಸಿದವರು, ಅತ್ತವರು ಎಲ್ಲ ಅವರವರ ಕೆಲಸಕ್ಕೆ ಹೋಗಿದ್ದರು. ನಾನು ಕೆಂಪು ಮುಚ್ಚಳದ ಡಬ್ಬಿಯನ್ನು ರಸ್ತೆಯ ಅಂಚಿಗೆ ಎಳೆದು ನಿಲ್ಲಿಸಿದೆ. ಎದುರು ಮನೆಯಾತ ಕೈ ಬೀಸಿದ. ನಾನೂ ಬೀಸಿದೆ. ನನ್ನ ಗಂಡ ಸತ್ತದ್ದು ಅವನಿಗೆ ಗೊತ್ತಿರಲಿಲ್ಲ. ನನಗೊಬ್ಬ ಗಂಡನಿದ್ದ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಒಳಗೆ ಬಂದಾಗ ಫೋನಿನಲ್ಲಿ ಒಂದು ಮೇಲ್. ಹೋಟೆಲಿನಿಂದ.

‘ಪ್ರಿಯ ಲೋಸೆ ಮತ್ತು ಕಿತಿಯೋನಿ, ನಿಮ್ಮ ಮದುವೆಯ ಫೋಟೋಗಳ ಲಿಂಕ್ ಇನ್ನು ಏಳು ದಿನ ಮಾತ್ರ ಇರುತ್ತದೆ. ದಯವಿಟ್ಟು ಇಳಿಸಿಕೊಳ್ಳಿ.’

ಒಟ್ಟು ನೂರ ನಲವತ್ತು ಫೋಟೋ. ಒಂಬತ್ತು ವಾರಗಳಲ್ಲಿ ನಾನು ಇಳಿಸಿಕೊಂಡದ್ದು ಮೂರು. ಮೂರರಲ್ಲೂ ನಾನು ಚೆನ್ನಾಗಿ ಕಾಣುತ್ತಿದ್ದೆ.

ಆ ಹೋಟೆಲನ್ನು ಮೊದಲು ಕಂಡವನು ಕಿತಿ. ಅವನು ಎಲೆಕ್ಟ್ರಿಷಿಯನ್. ಆಕ್ಲೆಂಡ್ ಬಂದರಿನ ಹಿಂದಿನ ಬೀದಿಯಲ್ಲಿ ಹಳೆಯ ಉಣ್ಣೆಯ ಗೋದಾಮೊಂದನ್ನು ಹನ್ನೆರಡು ಕೋಣೆಗಳ ಪುಟ್ಟ ಹೋಟೆಲ್ ಮಾಡಿದಾಗ ಅಲ್ಲಿ ಎರಡು ತಿಂಗಳು ಕೆಲಸ ಮಾಡಿದ್ದ. ಒಂದು ಮಧ್ಯಾಹ್ನ ಕಾಫಿಗೆಂದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ.

“ಆ ದೀಪ ನೋಡು. ನಂದು.”

“ನಿಂದಾ?”

“ಅದೂ ನಂದೇ. ಮೆಟ್ಟಿಲ ಮೇಲಿರೋ ಏಳೂ ನಂದೇ. ನಾನು ಒಂದು ಸ್ವಿಚ್ ಒತ್ತಿದ್ರೆ ಇಡೀ ಹೋಟೆಲ್ ಕತ್ತಲೆ.”

“ಮೆಲ್ಲಗೆ ಮಾತಾಡು, ಕಿತಿ.”

“ಯಾಕೆ, ದೀಪಕ್ಕೆ ಎಚ್ಚರ ಆಗುತ್ತಾ?”

ನಾನು ನಗು ತಡೆದುಕೊಂಡೆ. ಅವನು ತಡೆದುಕೊಂಡದ್ದನ್ನೇ ನೋಡುತ್ತ ಕುಳಿತ. ಅವನಿಗೆ ಅದೊಂದು ಅಭ್ಯಾಸ. ಎಲ್ಲರೂ ತುಟಿ ನೋಡಿದರೆ ಅವನು ಕೆನ್ನೆ ನೋಡುತ್ತಿದ್ದ, ನಗು ಅಲ್ಲಿಂದ ಹೊರಡುತ್ತದೆ ಎಂದು. ಕಾಫಿ ಆರಿಹೋಯಿತು. ನಾವು ಮದುವೆಯಾಗುವುದಾದರೆ ಇಲ್ಲೇ ಎಂದು ನಾನು ಹೇಳಿದೆ. ಮೊದಲು ಮದುವೆಯ ಮಾತೆತ್ತಿದವಳು ನಾನೇ ಎಂಬುದು ಅವನಿಗೆ ಸಾಯುವವರೆಗೂ ಹೆಮ್ಮೆ.

ಯೋಜನೆಯೆಲ್ಲ ನನ್ನ ಬಾಡಿಗೆ ಮನೆಯಲ್ಲಿ, ಶನಿವಾರಗಳಂದು ನಡೆಯಿತು. ಕಿತಿ ಇದ್ದದ್ದು ದಕ್ಷಿಣದ ಬಡಾವಣೆ ಮಾಂಗೆರೆಯಲ್ಲಿ, ಅವನ ಸೋದರತ್ತೆ ಕಲೋಲೈನ್ ಜೊತೆ. ತಾಯಿ ಸತ್ತ ಮೇಲೆ ಅವನನ್ನು ನಮ್ಮ ಟಾಂಗಾ ದ್ವೀಪದಿಂದ ಕರೆಸಿ ಬೆಳೆಸಿದವರು ಅವರು. ಶನಿವಾರ ಓವರ್‌ಟೈಮ್ ಎಂದು ಅವರಿಗೆ ಹೇಳಿ ಬರುತ್ತಿದ್ದ.

ಹೋಟೆಲಿನವರು ಒಂದು ಫಾರಂ ಕಳಿಸಿದ್ದರು. ಹೂವು ಯಾವುದು, ಕೇಕು ಯಾವುದು, ಪ್ರತಿಜ್ಞೆ ಓದಿಸುವವರನ್ನು ನಾವೇ ಕರೆಸಬೇಕೆ, ಇಬ್ಬರು ಸಾಕ್ಷಿಗಳನ್ನು ಒದಗಿಸಬೇಕೆ. ‘ಅತಿಥಿಗಳ ಸಂಖ್ಯೆ’ ಎಂಬಲ್ಲಿ ನಾನು ಸೊನ್ನೆ ಒತ್ತಿದೆ. ಅವನು ಪಕ್ಕದಿಂದ ಕೈ ಚಾಚಿ ಅದನ್ನು ಅಳಿಸಿ ಒಂದು ಒತ್ತಿದ.

“ಅತ್ತೆ ಒಬ್ರೇ.”

“ಅವರು ಬಂದ್ರೆ ಒಬ್ಬರೇ ಬರ್ತಾರಾ?”

ಪ್ರಾಮಾಣಿಕವಾಗಿ ಯೋಚಿಸಿದ. “ಇಲ್ಲ. ನಲವತ್ತು ಜನ. ನಾಲ್ಕು ಹಂದಿ. ಒಂದು ಬ್ಯಾಂಡು.”

“ಕ್ರಿಸ್ಮಸ್‌ಗೆ ಎಲ್ಲರಿಗೂ ಹೇಳೋಣ ಕಿತಿ. ಇದೊಂದು ನಮ್ದಾಗಿರ್ಲಿ.”

ಹಾಗೆಂದು ಅವನಿಗೆ ಹೇಳಿದೆ. ನಿಜ ಬೇರೆಯಿತ್ತು. ನನ್ನ ಪದವಿ ಪ್ರದಾನದ ದಿನ ಕಲೋ ಅತ್ತೆ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ನನ್ನ ಕೊರಳಿಗೆ ಚಾಕೊಲೇಟಿನ ಹಾರ ಹಾಕಿ, ಕೇಕೆ ಹಾಕಿ ನಕ್ಕು, ಅಲ್ಲೇ ಫಾಯಿಲ್ ಟ್ರೇ ಬಿಚ್ಚಿ ಕೆಸುವಿನೆಲೆಯಲ್ಲಿ ಬೇಯಿಸಿದ ಮಾಂಸ ಹಂಚಿದ್ದರು. ನನ್ನ ಪ್ರೊಫೆಸರ್ ಒಂದು ತುತ್ತು ತಿಂದು ಮುಗುಳ್ನಕ್ಕರು. ಆ ಮುಗುಳ್ನಗೆಯನ್ನು ನಾನು ಇನ್ನೊಮ್ಮೆ ಯಾರ ಮುಖದಲ್ಲೂ ನೋಡಲಾರೆ ಎಂದುಕೊಂಡಿದ್ದೆ. ಆ ಪದವಿ ಬಂದದ್ದು ನಮ್ಮ ಟಾಂಗಾದ ಹೆಂಗಸರು ನೇಯುವ, ಮದುವೆ-ಸಾವುಗಳಲ್ಲಿ ನಾವೆಲ್ಲ ಸೊಂಟಕ್ಕೆ ಉಡುವ ಚಾಪೆಗಳ ಬಗ್ಗೆ ಬರೆದ ಪ್ರಬಂಧಕ್ಕೆ. ನಮ್ಮಲ್ಲಿ ಸೋದರತ್ತೆಯಿಲ್ಲದೆ ಮದುವೆಯಿಲ್ಲ, ಮುಂದಿನ ಸಾಲು ಅವಳದು, ಕೇಕಿನಲ್ಲಿ ಮೊದಲ ಪಾಲು ಅವಳದು ಎಂದು ಅದರಲ್ಲಿ ನಾನೇ ಬರೆದಿದ್ದೇನೆ.

ನಾನು ಒಂದನ್ನು ಅಳಿಸಿ ಮತ್ತೆ ಸೊನ್ನೆ ಒತ್ತಿದೆ. ಕಿತಿ ಅದನ್ನು ನೋಡಿದ. ಆಮೇಲೆ ನನ್ನ ಕೆನ್ನೆಯನ್ನು ನೋಡಿದ. ಅಲ್ಲಿ ನಗು ಇರಲಿಲ್ಲ.

“ಸರಿ, ಪ್ರೊಫೆಸರಮ್ಮ,” ಎಂದ.

ಫಾರಂನ ಕೊನೆಯಲ್ಲಿ, ಇಲ್ಲಿನ ಬಿಳಿಯರ ಪದ್ಧತಿಯಂತೆ, ಮದುವೆಯ ದಿನ ಮೈಮೇಲೆ ಇರಬೇಕಾದ ನಾಲ್ಕು ವಸ್ತುಗಳ ಪಟ್ಟಿಯಿತ್ತು: ಹಳೆಯದೊಂದು, ಹೊಸದೊಂದು, ಎರವಲು ತಂದದ್ದೊಂದು, ನೀಲಿಯದೊಂದು.

“ಎರವಲು ನಂಗೆ ಬಿಡು,” ಎಂದ.

ಶುಕ್ರವಾರ ಮೂರು ಗಂಟೆಗೆ ಮುಹೂರ್ತ. ಎರಡೂವರೆಗೆ ಅವನು ಹೋಟೆಲ್ ಕೋಣೆಯ ಬಚ್ಚಲಿನಿಂದ ಹೊರಬಂದ. ಕಪ್ಪು ಸೂಟಿನ ಮೇಲೆ, ಸೊಂಟಕ್ಕೆ ಸುತ್ತಿದ ಚಾಪೆ. ಬಟ್ಟೆಯಷ್ಟು ಮೃದು, ಬೆಣ್ಣೆಯ ಬಣ್ಣ, ಅಂಚಿನಲ್ಲಿ ಸಣ್ಣ ಕೆಂಪು ಗರಿಗಳು. ಅದರ ಮೇಲೆ ನಾರಿನ ಹುರಿ. ಆ ಹುರಿಯಲ್ಲಿ ಅವನ ಅಜ್ಜಿಯ ಕೂದಲೂ ಹೆಣೆದಿದೆ.

“ಅತ್ತೇದು,” ಎಂದ. “ಕೆಲಸದಲ್ಲಿ ಒಬ್ಬರ ಬೀಳ್ಕೊಡುಗೆ ಇದೆ ಅಂತ ಇಸ್ಕೊಂಡು ಬಂದೆ. ಹೇಗಿದೀನಿ?”

ಚೆನ್ನಾಗಿದ್ದ. ಅಷ್ಟು ಚೆನ್ನಾಗಿ ಅವನನ್ನು ನಾನು ಎಂದೂ ನೋಡಿರಲಿಲ್ಲ.

“ಕೆಳಗೆ ಹೋಗುವಾಗ ಅದು ಬೇಡ, ಕಿತಿ.”

“ಯಾವುದು?”

“ಎಲ್ಲರೂ ನೋಡ್ತಾರೆ.”

“ಮದುಮಗನ್ನ ನೋಡ್ದೆ ಇನ್ಯಾರನ್ನ ನೋಡ್ಬೇಕು? ಮ್ಯಾನೇಜರನ್ನಾ?”

“ಪ್ಲೀಸ್.”

ಅವನು ಹುರಿ ಬಿಚ್ಚಿದ. ಬೇಸರ ತೋರಿಸಲಿಲ್ಲ. ಚಾಪೆಯನ್ನು ತೋಳಿನ ಮೇಲೆ ಹಾಕಿಕೊಂಡು, ಮೆಟ್ಟಿಲಿಳಿಯುವಾಗ ತನ್ನ ಏಳು ದೀಪಗಳನ್ನೂ ನನಗೆ ಒಂದೊಂದಾಗಿ ಪರಿಚಯಿಸಿದ. ಕೆಳಗಿನ ಸಣ್ಣ ಹಾಲಿನಲ್ಲಿ ಸಾಕ್ಷಿಗಳಿಗೆಂದು ಎರಡು ಕುರ್ಚಿ ಹಾಕಿದ್ದರು, ರಿಸೆಪ್ಷನ್ನಿನ ಹುಡುಗಿಗೊಂದು, ಕೇಕು ಮಾಡಿದವನಿಗೊಂದು. ಕಿತಿ ಗೋಡೆಯ ಪಕ್ಕದಿಂದ ಮೂರನೆಯದೊಂದನ್ನು ಎಳೆದು ಅವುಗಳ ಮುಂದೆ ಹಾಕಿ, ಚಾಪೆಯನ್ನು ಅದರ ಮೇಲೆ ಹರಡಿದ. ಇಡಲು ಜಾಗವಿಲ್ಲದೆ ಇಟ್ಟ ಎಂದುಕೊಂಡೆ. ಕೇಕು ಕತ್ತರಿಸಿದಾಗ ಮೊದಲ ತುಂಡನ್ನು ತಟ್ಟೆಗೆ ಹಾಕಿ ಅದನ್ನೂ ಅಲ್ಲಿಟ್ಟ.

“ತಿನ್ನಲ್ವಾ?”

“ಆಮೇಲೆ.”

ಮರುದಿನ ಚಾಪೆಯನ್ನು ಸುತ್ತಿ, ಹುರಿಯಿಂದ ಕಟ್ಟಿ ನನ್ನ ಮನೆಗೆ ತಂದ. ಕ್ರಿಸ್ಮಸ್‌ಗೆ ಹೇಳುವಾಗ ಕೊಡೋಣ ಎಂದ.

ಮದುವೆಯ ನಂತರದ ಭಾನುವಾರ ಹೊಸ ಜೋಡಿ ಚಾಪೆ ಉಟ್ಟು ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರಬೇಕು. ನಾವು ಎಂದಿನಂತೆ ಹಾಡುವವರ ಸಾಲುಗಳಲ್ಲಿ ನಿಂತೆವು, ನಾನು ಹೆಂಗಸರ ಕಡೆ, ಅವನು ಹಿಂದೆ ಗಂಡಸರ ಕಡೆ. ಅವನು ಎರಡು ಸಲ ತಪ್ಪು ಜಾಗದಲ್ಲಿ ದನಿ ಎತ್ತಿದ.

“ಕಿತಿಯೋನಿ, ಪುಸ್ತಕ ಕೈಯಲ್ಲಿದೆ. ಎಲ್ಲಿ ನೋಡ್ತಿದೀಯಪ್ಪಾ?” ಎಂದರು ಹಾಡಿಸುವವರು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಕಲೋ ಅತ್ತೆ. ಆಗ ನನ್ನ ಬೆನ್ನಿಗೆ ಬಿಸಿ ತಾಗಿದಂತಾಯಿತು. ಅದು ಸುಖ ಎಂದುಕೊಂಡಿದ್ದೆ.

ಅಂಥ ಭಾನುವಾರಗಳು ಎಂಟು. ಆಮೇಲಿನ ಮಂಗಳವಾರ ಅವನ ತಲೆಯೊಳಗೆ ಒಂದು ರಕ್ತನಾಳ ಒಡೆಯಿತು. ಆಸ್ಪತ್ರೆಯಲ್ಲಿ ನರ್ಸ್ ನನ್ನನ್ನು ತಡೆದು, “ನೀವು ಏನಾಗಬೇಕು?” ಎಂದು ಕೇಳಿದಳು.

“ಹೆಂಡತಿ,” ಎಂದೆ.

ಕಲೋ ಅತ್ತೆ ನನ್ನ ಹಿಂದೆಯೇ ನಿಂತಿದ್ದರು.

ನಮ್ಮಲ್ಲಿ ಸಾವಿನ ದಿನ, ಬಳಗದಲ್ಲಿ ಸತ್ತವನಿಗಿಂತ ಕೆಳಗಿನ ಸ್ಥಾನದವರು ಹರಕು ದೊಡ್ಡ ಚಾಪೆ ಉಡಬೇಕು, ಹೆಂಡತಿ ಎಲ್ಲರಿಗಿಂತ ಹರಕಿನದನ್ನು. ಅಂತ್ಯಕ್ರಿಯೆಯ ದಿನ ನನಗೆ ಎದೆಯವರೆಗೆ ಬರುವ ಚಾಪೆಯನ್ನು ಸುತ್ತಿ ಕಟ್ಟಿದವರು ಕಲೋ ಅತ್ತೆಯೇ. ಸ್ಥಾನದಲ್ಲಿ ಮೇಲಿನವರಾದ ಅವರು ಒಳ್ಳೆಯದನ್ನು ಉಟ್ಟು ಶವದ ತಲೆಯ ಬಳಿ ಕೂರಬೇಕಿತ್ತು. ಕೂತರು. ಉಟ್ಟದ್ದು ಯಾರದೋ. ಅವರದು ನನ್ನ ಡ್ರಾಯರಿನಲ್ಲಿತ್ತು.

ಕಿತಿಯ ಚಿಕ್ಕಪ್ಪ ಫೇಲೆತಿ ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: “ಕದ್ದು ಹೋಟೆಲ್‌ನಲ್ಲಿ ಮದುವೆ! ಸಾಕಿದ ಅತ್ತೇನೂ ಕರೀಲಿಲ್ಲ. ನಮ್ಮನ್ನ ಕಂಡ್ರೆ ಹುಡುಗನಿಗೆ ನಾಚಿಕೆ ಇತ್ತು, ಅಷ್ಟೇ.”

ಸುತ್ತಲಿನವರು ತಲೆಯಾಡಿಸಿದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅವನು ಮಾತಾಡಲಾರ, ನಾನು ಮಾತಾಡಬಹುದಿತ್ತು.

ಇವತ್ತು ಬೆಳಿಗ್ಗೆ ಉಳಿದ ನೂರ ಮೂವತ್ತೇಳು ಫೋಟೋಗಳನ್ನು ನೋಡಿದೆ. ತೊಂಬತ್ತೊಂದನೆಯದರ ಬಳಿ ಬಹಳ ಹೊತ್ತು ನಿಂತೆ. ಆಮೇಲೆ ಡ್ರಾಯರ್ ತೆಗೆದು, ಚಾಪೆಯನ್ನು ಚೀಲಕ್ಕೆ ಹಾಕಿಕೊಂಡು ಮಾಂಗೆರೆಯ ಬಸ್ಸು ಹತ್ತಿದೆ.

ಕಲೋ ಅತ್ತೆ ಜಗುಲಿಯಲ್ಲಿ ಪಾತ್ರೆಗಳ ನಡುವೆ ಕುಳಿತಿದ್ದರು. ಸಾವಿನ ಮನೆಗೆ ಊರೆಲ್ಲ ಕೊಟ್ಟ ಪಾತ್ರೆ, ಟ್ರೇ, ಸೌಟು. ತಳಕ್ಕೆ ಅಂಟಿಸಿದ ಟೇಪಿನ ಮೇಲೆ ಹೆಸರುಗಳು.

“ನೀನಾ. ಬಾ. ಇದ್ಯಾರದ್ದು ಓದು. ನನ್ನ ಕನ್ನಡಕ ಯಾರೋ ಹಾಕ್ಕೊಂಡು ಹೋಗಿದಾರೆ.”

“ಮೋಆಲಾ ಅಂತಿದೆ.”

“ಅವಳದ್ದಾ? ದೊಡ್ಡ ಪಾತ್ರೆ ಕೊಟ್ಟೆ ಅಂತ ಚರ್ಚ್ ತುಂಬ ಹೇಳ್ಕೊಂಡು ಬಂದ್ಳು. ಇದ್ರಲ್ಲಿ ಒಂದು ಕೋಳಿ ಕೂರಲ್ಲ.”

ನಾನು ಚೀಲವನ್ನು ಅವರ ಮುಂದಿಟ್ಟೆ. “ಇದೂ ನಿಮ್ದು ಅತ್ತೆ. ಕಿತಿ ತಗೊಂಡಿದ್ದು.”

ಅವರು ಹೊರಗೆ ತೆಗೆದರು. ಬೆರಳಿನಿಂದ ಸವರಿ ನೋಡಿದರು.

“ಮಡಚಿದೀಯ.”

“ಡ್ರಾಯರಿಗೆ ಹಿಡೀಲಿಲ್ಲ...”

“ಚಾಪೆ ಮಡಚ್ತಾರಾ? ಸುತ್ತಿಡೋದು, ಇಲ್ಲ ಹಾಸಿಡೋದು. ಗೆರೆ ಬಿದ್ರೆ ಅಲ್ಲೇ ಮುರಿಯುತ್ತೆ. ಓದಿದೋಳು ನೀನು.”

ನನ್ನ ಪ್ರಬಂಧದಲ್ಲಿ ಅದು ಇರಲಿಲ್ಲ.

“ಅತ್ತೆ, ಒಂದು ಮಾತು. ಚಿಕ್ಕಪ್ಪ ಅವತ್ತು ಹೇಳಿದ್ದು ಸುಳ್ಳು. ಕಿತಿ ನಿಮ್ಮನ್ನ ಕರೆಯೋಣ ಅಂದ. ಬೇಡ ಅಂದಿದ್ದು ನಾನು. ಇದನ್ನ ಉಟ್ಕೊಂಡಿದ್ದ, ಬಿಚ್ಚಿಸಿದ್ದೂ ನಾನೇ. ನಾಚಿಕೆ ಇದ್ದಿದ್ದು ಅವನಿಗಲ್ಲ.”

“ಯಾವುದಕ್ಕೆ ನಾಚಿಕೆ?”

ನಾನು ಪಾತ್ರೆಗಳನ್ನು ನೋಡಿದೆ. ಅವರು ಕಾದರು. ಹೇಳಿಸದೆ ಬಿಡುವವರಲ್ಲ.

“ನಿಮಗೆ. ನನ್ನ ಪದವಿ ದಿನ... ಆ ಟ್ರೇಗಳು, ನಿಮ್ಮ ನಗು.”

“ಅಷ್ಟು ಜೋರಾಗಿ ನಕ್ಕಿದ್ನಾ?”

“ಹೂಂ.”

“ಖುಷಿಯಾಗಿತ್ತು ಕಣೇ,” ಎಂದರು.

ಬೀದಿಯಲ್ಲಿ ಒಂದು ಕಾರು ಹೋಯಿತು. ಅವರು ಮೋಆಲಾಳ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದರು.

“ಅವನು ಗುರುವಾರ ಕೂದಲು ಕತ್ತರಿಸ್ಕೊಂಡು ಬಂದ. ಇದನ್ನ ಕೊಡಿ ಅಂದ, ಬೀಳ್ಕೊಡುಗೆಗೆ. ದಡ್ಡ. ಇದು ಮದುವೆ ಚಾಪೆ, ನಮ್ಮಮ್ಮ ಉಟ್ಟಿದ್ದು, ನಾನು ಉಟ್ಟಿದ್ದು. ಇದನ್ನ ಉಟ್ಕೊಂಡು ಯಾರು ಬೀಳ್ಕೊಡುಗೆಗೆ ಹೋಗ್ತಾರೆ? ನಾನು ಏನೂ ಕೇಳ್ಲಿಲ್ಲ, ಕೊಟ್ಟೆ. ಶುಕ್ರವಾರ ತಲೆಗೆ ಎಣ್ಣೆ ಹಾಕಿ, ಒಳ್ಳೆ ಡ್ರೆಸ್ ಹಾಕ್ಕೊಂಡು ಇಲ್ಲೇ ಕೂತೆ. ಕೊನೇ ಗಳಿಗೇಲಿ ಓಡಿ ಬರ್ತಾನೆ, ‘ಅತ್ತೆ, ಹೊರಡಿ’ ಅಂತಾನೆ ಅಂತ. ಬೀದಿ ದೀಪ ಹತ್ತೋವರೆಗೂ ಕೂತಿದ್ದೆ.”

ಅವರು ಚಾಪೆಯ ಅಂಚಿನ ಗರಿಯೊಂದನ್ನು ನೇರ ಮಾಡಿದರು.

“ಮರುದಿನ ಒಂದು ತುಂಡು ಕೇಕ್ ತಂದ. ಕೆಲಸದಲ್ಲಿ ಯಾರದ್ದೋ ಹುಟ್ಟುಹಬ್ಬ ಅಂದ. ಮೇಲೆ ಬಿಳಿ ಹೂವು! ಹುಟ್ಟುಹಬ್ಬವಂತೆ.”

“ತಿಂದ್ರಾ?”

“ತಿಂದೆ. ಒಣಗಿತ್ತು.”

ನಾನು ಫೋನ್ ತೆಗೆದು ತೊಂಬತ್ತೊಂದನೆಯ ಫೋಟೋ ತೋರಿಸಿದೆ. ಅವರು ದೂರ ಹಿಡಿದರು, ಹತ್ತಿರ ಹಿಡಿದರು.

“ಕಾಣಲ್ಲ. ನೀನೇ ಹೇಳು.”

“ಮುಂದೆ ಒಂದು ಕುರ್ಚಿ ಇದೆ ಅತ್ತೆ. ಅವನೇ ತಂದು ಹಾಕಿದ್ದು. ಅದರ ಮೇಲೆ ನಿಮ್ಮ ಚಾಪೆ. ಚಾಪೆ ಮೇಲೆ ತಟ್ಟೆ, ತಟ್ಟೇಲಿ ಕೇಕಿನ ಮೊದಲ ತುಂಡು. ಬೇರೆ ಯಾರಿಗೂ ಇನ್ನೂ ಕೊಟ್ಟಿಲ್ಲ. ಕಿತಿ ಆ ಕುರ್ಚಿ ಕಡೆ ನೋಡ್ತಿದಾನೆ.”

“ನಗ್ತಿದಾನಾ?”

“ನಗ್ತಿದಾನೆ.”

“ನೀನು?”

“ನಾನು ಕ್ಯಾಮೆರಾ ನೋಡ್ತಿದೀನಿ.”

ಅವರು ಫೋನನ್ನು ತೊಡೆಯ ಮೇಲೆ ಮಗುಚಿಟ್ಟರು. “ಹಾಗಾದ್ರೆ ಅವತ್ತು ನಾನು ಎರಡು ಕಡೆ ಕೂತಿದ್ದೆ.”

ಆಮೇಲೆ ನಕ್ಕರು. ಅದೇ ನಗು, ವಿಶ್ವವಿದ್ಯಾಲಯದ ಮೆಟ್ಟಿಲುಗಳ ಮೇಲಿನದು, ಕಣ್ಣೀರಿನೊಂದಿಗೆ. ಬೇಲಿಯಾಚೆ ಯಾರೋ ತಿರುಗಿ ನೋಡಿರಬೇಕು. ಯಾರೆಂದು ನಾನು ನೋಡಲಿಲ್ಲ.

“ಫೇಲೆತಿಗೆ ಇದನ್ನೆಲ್ಲ ನೀನೇ ಹೇಳ್ಬೇಕು. ಭಾನುವಾರ, ಚರ್ಚಲ್ಲಿ, ಎಲ್ಲರ ಮುಂದೆ.”

“ಹೇಳ್ತೀನಿ.”

“ಕ್ಷಮಿಸಿಬಿಟ್ಟೆ ಅನ್ಕೋಬೇಡ. ಅದಕ್ಕೆ ಟೈಮ್ ಬೇಕು. ಏಳು, ಆ ಕಡೆ ಹಿಡಿ ಬಾ.”

ಒಳಗೆ, ಅವರ ಮಂಚದ ಹಾಸಿಗೆಯ ಎರಡು ತುದಿಗಳನ್ನು ಹಿಡಿದು ಎತ್ತಿದೆವು. ಹಾಸಿಗೆಯ ಕೆಳಗೆ ಚಾಪೆಗಳು ಒಂದರ ಪಕ್ಕ ಒಂದು ಚಪ್ಪಟೆಯಾಗಿ ಮಲಗಿದ್ದವು. ನಡುವೆ ಒಂದರಷ್ಟು ಜಾಗ ಖಾಲಿಯಿತ್ತು. ಒಂದು ಹೆಗಲಲ್ಲಿ ಹಾಸಿಗೆ ತಡೆದುಕೊಂಡು ಅವರು ಚಾಪೆಯನ್ನು ಅಲ್ಲಿ ಬಿಡಿಸಿದರು. ನಾನು ಮಾಡಿದ ಗೆರೆ ಉದ್ದಕ್ಕೂ ಎದ್ದು ಕಾಣುತ್ತಿತ್ತು.

“ನನ್ನ ಭಾರಕ್ಕೆ ಹೋಗುತ್ತೆ. ಒಂದು ವರ್ಷ ಬೇಕಾಗ್ಬಹುದು.” ಸುತ್ತ ನೋಡಿದರು. “ಹುರಿ ಎಲ್ಲಿ?”

ಹುರಿ ನನ್ನ ಕೋಟಿನ ಜೇಬಿನಲ್ಲಿತ್ತು. ಕೊಡಬಾರದೆಂದೇ ಅಲ್ಲಿಟ್ಟುಕೊಂಡಿದ್ದೆ. ಅದರಲ್ಲಿ ಅವನು ಕಟ್ಟಿದ ಗಂಟು ಹಾಗೇ ಇತ್ತು. ಬೆಳಿಗ್ಗೆ ಗಂಟು ಬಿಚ್ಚಬಾರದೆಂದು ಚಾಪೆಯನ್ನೇ ಅದರೊಳಗಿಂದ ಜಾರಿಸಿ ತೆಗೆದಿದ್ದೆ.

ನಾನು ಅದನ್ನು ಹೊರತೆಗೆದು ಅವರ ಕೈಗೆ ಕೊಟ್ಟೆ.

ಅವರು ಗಂಟನ್ನು ಹೆಬ್ಬೆರಳಿನಿಂದ ಮುಟ್ಟಿದರು. “ಕರೆಂಟ್ ವೈರ್‌ಗೆ ಹಾಕೋ ಗಂಟು,” ಎಂದರು. “ಸರಿಯಾದ ಗಂಟು ಎಷ್ಟು ಸಲ ಹೇಳಿಕೊಟ್ಟಿದ್ದೆ.”

ಬಿಚ್ಚಲಿಲ್ಲ. ಹಾಗೇ ಚಾಪೆಯ ಮೇಲಿಟ್ಟರು.

“ಹೂಂ,” ಎಂದರು. “ಇಳಿಸು. ಮೆಲ್ಲಗೆ.”