ಹಳೇ ಪ್ರಿಂಟರಿನ ನೆಪ

ಕಂಪ್ಯೂಟರಿನ ಕಾಯಿಲೆ ಏನೆಂದು ಓಬಳೇಶನಿಗೆ ಮೊದಲನೇ ದಿನವೇ ಗೊತ್ತಾಗಿತ್ತು.

ಅದು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರ ಸಂಘದ್ದು. ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ಅದರಲ್ಲಿ ಚೌಕ ಚೌಕವಾಗಿ ತುಂಬುವವಳು ತೇಜಶ್ರೀ. ದಿನವಿಡೀ ಚೆನ್ನಾಗಿ ಓಡುವ ಮಿಷಿನ್ನು ಸಂಜೆ ಆಫ್ ಮಾಡಲು ಹೋದರೆ ‘ಶಟಿಂಗ್ ಡೌನ್’ ಎಂದು ತೋರಿಸಿ ಅಲ್ಲೇ ನಿಂತುಬಿಡುತ್ತಿತ್ತು. ರೀಸ್ಟಾರ್ಟ್ ಕೊಟ್ಟರೂ ಅದೇ ಪಾಡು.

ಚಳ್ಳಕೆರೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಓಬಳೇಶ ಬಸ್ಸು ಹತ್ತಿ ಬಂದು ನೋಡಿದ. ಸಂಘದ ಹಳೇ ಪ್ರಿಂಟರು ಗುಜರಿಗೆ ಹೋಗಿ ಎರಡು ವರ್ಷವಾಗಿದ್ದರೂ ಅದರ ಪ್ರೋಗ್ರಾಂ ಒಳಗೆ ಉಳಿದಿತ್ತು. ಆಫ್ ಆಗುವ ಮುನ್ನ ಕಂಪ್ಯೂಟರು ಇಲ್ಲದ ಆ ಪ್ರಿಂಟರಿನ ಉತ್ತರಕ್ಕೆ ಕಾಯುತ್ತಿತ್ತು. ಅವನು ಆ ಪ್ರೋಗ್ರಾಂ ನಿಲ್ಲಿಸಿದ. ಹತ್ತು ಎಣಿಸುವುದರೊಳಗೆ ಪರದೆ ಕಪ್ಪಾಯಿತು.

ಆಗಲೇ ತೇಜಶ್ರೀ ಎರಡು ಲೋಟ ಟೀ ಹಿಡಿದು ಮೊಣಕೈಯಿಂದ ಬಾಗಿಲು ದೂಡಿಕೊಂಡು ಬಂದಳು. ಹುಬ್ಬಿನ ಮೇಲೊಂದು ಜರಿಯ ಎಳೆ ಅಂಟಿ ಮಿನುಗುತ್ತಿತ್ತು. ಅವಳಿಗೆ ಅದರ ಅರಿವಿರಲಿಲ್ಲ.

“ಆಗೋಯ್ತೇನ್ರಿ? ಚಳ್ಳಕೆರೆಯೋರು ಬಂದ್ ದಾರೀಲೇ ಓಡ್ತಾರೆ. ಟೀನಾದ್ರೂ ಕುಡ್ದು ಹೋಗ್ರಿ.”

ಅವನು ಟೀ ನೋಡಿದ, ಆಮೇಲೆ ಆ ಎಳೆ ನೋಡಿದ.

“ಎಲ್ಲಿ ಆಗ್ತೈತೆ ಮೇಡಂ, ಇದು ಒಂದಿನದ ಕೆಲ್ಸ ಅಲ್ಲ,” ಎಂದುಬಿಟ್ಟ. ಅವಳು ಲೋಟ ತೊಳೆಯಲು ಹೋದಾಗ ಮಿಷಿನ್ನು ಆನ್ ಮಾಡಿ ಆ ಪ್ರೋಗ್ರಾಂ ಮತ್ತೆ ಚಾಲೂ ಮಾಡಿದ. ವಾಪಸ್ ಬಂದವಳಿಗೆ ಹೇಳಿದ: “ಅಲ್ಲೀತನಕ ಬಟನ್ ಒತ್ತಿ ಹಿಡೀರಿ, ಆಫ್ ಆಗ್ತೈತೆ. ಏನೂ ಆಗಲ್ಲ.”

ಹಾಗೆ ಹೇಳಬಾರದೆಂದು ಅವನ ಕಸುಬೇ ಅವನಿಗೆ ಕಲಿಸಿತ್ತು. ಆದರೂ ಹೇಳಿದ.

ಮುಂದೆ ನಾಲ್ಕು ಗುರುವಾರ ಬಂದ. ಅವಳು ಹುರಿದ ಶೇಂಗಾ ಸುಲಿಯುತ್ತ ಪಕ್ಕದಲ್ಲಿ ಕೂರುತ್ತಿದ್ದಳು.

“ನಿಮ್ ಕೈಗುಣ ಸರಿ ಇಲ್ಲ ಅನ್ಸುತ್ತೆ ಕಣ್ರಿ.”

“ಮಿಷಿನ್ನಿಗೆ ನಿಮ್ಮನ್ ಬಿಟ್ಟು ಮಲಗೋಕೆ ಮನಸ್ಸಿಲ್ಲ ಮೇಡಂ.”

“ಮಿಷಿನ್ನಿಗಾ?” ಎಂದು ಅವಳು ಪರದೆಯ ಕಡೆಗೇ ನೋಡುತ್ತ ಕೇಳಿದಳು. ನಗು ತುಟಿಯ ಮೂಲೆಯಲ್ಲಿ ಮಾತ್ರ ಇತ್ತು. ಆ ನಗುವಿನ ನೆನಪಿನಲ್ಲಿ, ವಾಪಸ್ ಹೋಗುವ ಬಸ್ಸು ದಾರಿಯ ತಳಕು ಊರು ದಾಟಿದ್ದೇ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಅದರ ಮುಂದಿನ ಗುರುವಾರ ಬಂದಾಗ ಕೋಣೆಯಲ್ಲಿ ಟೀಯೂ ಇರಲಿಲ್ಲ, ನಗುವೂ ಇರಲಿಲ್ಲ. ದೇವಸಮುದ್ರದ ಹಿರಿಯ ನೇಕಾರ ದೊಡ್ಡಪಾಲಯ್ಯ ತೊಡೆಯ ಮೇಲೆ ಹಳೆಯ ಸೀರೆಯೊಂದನ್ನು ಇಟ್ಟುಕೊಂಡು ಕೂತಿದ್ದ. ಆ ಸೀರೆಯ ನವಿಲಂಚನ್ನು ತೇಜಶ್ರೀ ಹನ್ನೆರಡು ದಿನ ಕೂತು ಕಂಪ್ಯೂಟರಿಗೆ ಇಳಿಸಿದ್ದಳು. ನಿನ್ನೆ ಸಂಜೆ ಎಂದಿನಂತೆ ಬಟನ್ ಒತ್ತಿ ಹಿಡಿದಿದ್ದಾಳೆ; ಇವತ್ತು ಆ ಫೈಲು ತೆರೆಯುತ್ತಿಲ್ಲ. ಮುದುಕನ ಮಗ್ಗ ಸುಮ್ಮನೆ ಕೂತಿದೆ.

“ಒತ್ತಿದ್ದು ನಾನೇ ಸರ್,” ಎಂದು ಅವಳು ಕಾರ್ಯದರ್ಶಿ ವಿಶ್ವನಾಥ್ ಅವರಿಗೆ ಹೇಳುತ್ತಿದ್ದಳು. “ಮೆಕ್ಯಾನಿಕ್ಕು ಏನ್ ಮಾಡ್ತಾರೆ? ಪಾಪ, ಅಷ್ಟು ದೂರದಿಂದ ಬರ್ತಾರೆ.”

ಒತ್ತಲು ಹೇಳಿದ್ದು ಯಾರೆಂದು ಅವಳು ಬಾಯಿ ಬಿಡಲಿಲ್ಲ.

“ಬರೋ ತಿಂಗಳಿಂದ ಬೇರೆ ಹುಡುಗಿ ನೋಡ್ತೀನಮ್ಮ,” ಎಂದರು ವಿಶ್ವನಾಥ್. “ಬೇಜಾರ್ ಮಾಡ್ಕಬ್ಯಾಡ.”

ಸುಮ್ಮನಿದ್ದರೆ ಓಬಳೇಶನ ಮಾನ ಉಳಿಯುತ್ತಿತ್ತು. ಆ ‘ಪಾಪ’ ಎಂಬ ಮಾತು ಅವನನ್ನು ಸುಮ್ಮನಿರಲು ಬಿಡಲಿಲ್ಲ.

“ತಪ್ಪು ಅವರದಲ್ಲ ಸರ್. ಬಟನ್ ಒತ್ರಿ ಅಂದೋನು ನಾನು. ಇದು ಮೊದ್ಲನೇ ದಿನಾನೇ ಸರಿಯಾಗಿತ್ತು. ನಾನೇ ಮತ್ತೆ ಕೆಡಿಸಿಟ್ಟೆ.”

“ಯಾಕಯ್ಯಾ?”

“ಇಲ್ಲಿಗೆ ಬರೋಕೆ.”

ಮುದುಕ ತೊಡೆಯ ಮೇಲಿನ ಸೀರೆಯನ್ನು ಮೆಲ್ಲನೆ ಪಕ್ಕಕ್ಕಿಟ್ಟ.

“ಏಮಪ್ಪಾ,” ಎಂದ ದೊಡ್ಡಪಾಲಯ್ಯ ನಿಧಾನವಾಗಿ. “ಹೆಣ್ ನೋಡಾಕೆ ಬರೋರು ಬಾಳೆಹಣ್ ತರ್ತಾರೆ. ನೀನು ರೋಗ ತಂದ್ಯಾ?”

ವಿಶ್ವನಾಥ್ ನಕ್ಕುಬಿಟ್ಟರು. ತೇಜಶ್ರೀ ನಗಲಿಲ್ಲ.

“ನಿಮ್ಮನ್ನ ಪಾಪ ಅಂದೆನಲ್ಲ ನಾನು,” ಎಂದಳು, ಅಷ್ಟೇ. ಅವಳು ಕಪಾಳಕ್ಕೆ ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಹಳೇ ಪ್ರಿಂಟರಿನ ಆ ಪ್ರೋಗ್ರಾಮನ್ನು ಬೇರುಸಹಿತ ಕಿತ್ತುಹಾಕಲು ಅವನಿಗೆ ಹತ್ತು ನಿಮಿಷ ಹಿಡಿಯಿತು. ನವಿಲಂಚನ್ನು ಮೊದಲಿನಿಂದ ಮತ್ತೆ ತುಂಬಲು ಒಂಬತ್ತು ದಿನ ಹಿಡಿಯಿತು. ಅಂಗಡಿಗೆ ಬೀಗ ಹಾಕಿ ದಿನಾ ಮೊದಲ ಬಸ್ಸಿಗೆ ಬಂದ. ಹಳೆಯ ಸೀರೆಯ ಮೇಲೆ ಭೂತಗನ್ನಡಿ ಹಿಡಿದು ಎಳೆ ಎಣಿಸಿ ಅವನು ಹೇಳುವುದು, ಅವಳು ತುಂಬುವುದು. ಮೂರು ಕೆಂಪು, ಎರಡು ಜರಿ, ಮತ್ತೆ ಮೂರು ಕೆಂಪು. ಆ ಎಣಿಕೆಯಾಚೆಗೆ ಇಬ್ಬರ ನಡುವೆ ಬೇರೆ ಮಾತಿಲ್ಲ.

ನಾಲ್ಕನೇ ದಿನ ಅವನು ಎಣಿಕೆ ನಿಲ್ಲಿಸಿದ.

“ನಿನ್ನೆ ಒಂದ್ ಸಾಲು ತಪ್ಪಿ ಹೇಳೀನಿ. ನವಿಲಿನ ಕೊಕ್ಕಿನ ಹತ್ರ. ಅಲ್ಲಿಂದ ಮತ್ತೆ ಮಾಡ್ಬೇಕಾಗ್ತೈತೆ.”

“ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಗೊತ್ತು.”

ಆ ದಿನ ಮೊದಲ ಬಾರಿ ಅವಳು ತಿರುಗಿ ಅವನನ್ನು ಪೂರಾ ನೋಡಿದಳು. ತಲೆ ಬಗ್ಗಿಸಿದ್ದ ಅವನಿಗೆ ಅದು ಕಾಣಲಿಲ್ಲ.

ಶನಿವಾರ ಕೆಲಸ ಮುಗಿಯಿತು. ಬೇರೆ ಹುಡುಗಿಯ ಮಾತನ್ನು ವಿಶ್ವನಾಥ್ ಮತ್ತೆ ಎತ್ತಲಿಲ್ಲ. ತೇಜಶ್ರೀ ಹಳೆಯ ಸೀರೆಯನ್ನು ಮಡಿಸಲೆಂದು ಅದರ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ದೂರ ಹೋಗಿ ನಿಂತಳು.

“ಮಿಷಿನ್ ಕೆಡ್ಸೋಕೆ ಧೈರ್ಯ ಇತ್ತು, ಒಂದ್ ಮಾತು ಕೇಳೋಕೆ ಇರ್ಲಿಲ್ಲ ನಿಮಗೆ.”

“ಇರ್ಲಿಲ್ಲ.”

“ಈಗ?”

“ಈಗ ಮಖ ಇಲ್ಲ.”

ಒಂದು ಮಡಿಕೆಗೆ ಒಂದು ಹೆಜ್ಜೆಯಂತೆ ಅವಳು ಹತ್ತಿರ ಬಂದಳು.

“ಇಲ್ದಿದ್ರೂ ಕೇಳ್ರಿ.”

“ನಿಮ್ಮನ್ನ ಮದ್ವಿ ಆಗ್ಬೇಕು ಅಂತೈತೆ,” ಎಂದ ಅವನು ಸೀರೆಗೆ ಹೇಳುವವನಂತೆ. “ಬ್ಯಾಡ ಅಂದ್ರೆ ಇದೇ ಬಸ್ಸಿಗೆ ಹೋಗ್ತೀನಿ.”

ಕೊನೆಯ ಮಡಿಕೆಯಲ್ಲಿ ಅವಳ ಬೆರಳು ಅವನ ಬೆರಳಿಗೆ ತಾಗಿತು. ಅವಳು ತೆಗೆಯಲಿಲ್ಲ.

“ನಾಳೆ ಕೊಂಡ್ಲಹಳ್ಳಿಗೆ ಬರ್ರಿ, ನಮ್ಮನೇಗೆ. ಹೆಂಗೆ ಪರಿಚಯ ಅಂತ ಅಪ್ಪ ಕೇಳೇ ಕೇಳ್ತಾರೆ. ಎಲ್ಲಾ ಹೇಳ್ಬೇಕು.”

“ಎಲ್ಲಾನೂ?”

“ಎಲ್ಲಾನೂ. ಎಲ್ಲಾದ್ರೂ ಬಿಟ್ರೆ, ಪಕ್ಕದಲ್ಲೇ ಕೂತು ನಾನೇ ಹೇಳ್ಕೊಡ್ತೀನಿ.”

ಓಬಳೇಶನ ಕಿವಿಗಳು ಬಿಸಿಯಾದವು.

“ಬರ್ತೀನಿ,” ಎಂದ.