ಪದಕದ ಬೆನ್ನು

1983ರ ನವೆಂಬರ್ 14, ಸೋಮವಾರ. ಹಾರ್ಕರ್ಟನ್ ಠಾಣೆಯಲ್ಲಿ ಡಿಟೆಕ್ಟಿವ್ ವಾಲ್ಟ್ ಹ್ರಾಬಿಕ್ ಬೆಳಗಿನ ಕಾಫಿ ಮುಗಿಸುವ ಮೊದಲೇ ಡಾಕ್ಟರ್ ಆನ್ಸ್‌ಬಾಕ್ ದೂರು ಹಿಡಿದು ಬಂದರು. ಹಲ್ಲಿನ ವೈದ್ಯಕೀಯದಿಂದ ನಿವೃತ್ತರಾದ ಮೇಲೆ ಅವರಿಗೆ ಹಳೆಯ ಸೇನಾ ಪದಕ ಕೂಡಿಡುವ ಹುಚ್ಚು ಹಿಡಿದಿತ್ತು, ಅದರಲ್ಲೂ ಸನ್ನಡತೆಯ ಪದಕಗಳದ್ದು. ಮೂರು ವರ್ಷ ಯಾವ ತಂಟೆ ತಕರಾರಿಗೂ ಹೋಗದೆ ದುಡಿದ ಸಾಮಾನ್ಯ ಸಿಪಾಯಿಯ ಎದೆಗೆ ಚುಚ್ಚುವ ಕಂಚಿನ ಬಿಲ್ಲೆ ಅದು.

"ಏನು ಕಳುವಾಗಿದೆ ಡಾಕ್ಟ್ರೇ?"

"ಏನೂ ಕಳುವಾಗಿಲ್ಲ. ಯಾರೋ ಒಂದು ಪದಕ ಬೆಳಗಿಬಿಟ್ಟಿದಾರೆ."

ಪೇದೆ ಡೋನಾ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದಳು. ಡಾಕ್ಟರಿಗೆ ಮೈಯೆಲ್ಲ ಉರಿಯಿತು. ಕಾಲ ಹತ್ತಿಸಿದ ಕಪ್ಪೇ ಪದಕದ ಜೀವ, ಅದನ್ನು ತಿಕ್ಕುವುದೂ ಒಂದೇ, ಕೊಲ್ಲುವುದೂ ಒಂದೇ ಎಂದು ಕೂಗಾಡಿದರು. ಜೀವನವಿಡೀ ಊರವರ ಹಲ್ಲು ಉಜ್ಜಿ ಬಿಳಿ ಮಾಡಿದ ಮನುಷ್ಯನ ಬಾಯಲ್ಲಿ ಈ ಮಾತು ಕೇಳುವುದು ವಾಲ್ಟ್‌ನ ಹಣೆಯಲ್ಲಿ ಬರೆದಿತ್ತು. ದೂರು ದಾಖಲಾಯಿತು.

ಹನ್ನೊಂದು ಗಂಟೆಗೆ ಡಾಕ್ಟರ ಮನೆಯಲ್ಲಿ ಮಹಜರು. ಗಾಜಿನ ಬೀರುವಿನ ಬೀಗ ಸರಿಯಾಗಿಯೇ ಇತ್ತು. ಅದರ ಕೀಲಿ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಎಲ್ಲರಿಗೂ ಕಾಣುವಂತೆ ನೇತಾಡುತ್ತಿತ್ತು. ಹಿಂದಿನ ದಿನ ಭಾನುವಾರ, ಮಾಜಿ ಯೋಧರ ದಿನದ ಲೆಕ್ಕದಲ್ಲಿ ಡಾಕ್ಟರು ಊರವರನ್ನು ಸಂಗ್ರಹ ನೋಡಲು ಕರೆದಿದ್ದರು. ಸ್ಲೊವಾಕ್ ಚರ್ಚಿನ ಹೆಂಗಸರು ಬಂದು ಕಾಫಿ ಕಾಯಿಸಿ, ಅಕ್ರೋಟಿನ ರೋಲ್ ಕೊಯ್ದು ಬಡಿಸಿದ್ದರು.

ವಾಲ್ಟ್ ಪದಕವನ್ನು ಕೈಗೆತ್ತಿಕೊಂಡ. ಮುಂಭಾಗ ಮೊದಲಿನಂತೆ ಕಪ್ಪಗೇ ಇತ್ತು. ಬೆನ್ನು ಮಾತ್ರ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ಅಲ್ಲಿ ಕೆತ್ತಿದ್ದ ಹೆಸರು ಮೈಕಲ್ ಸಬೋಲ್. ಅಕ್ಷರಗಳ ಸಂದಿಯಲ್ಲಿ ಬಿಳಿಯದೇನೋ ಒಣಗಿ ಕೂತಿತ್ತು.

ಸಿಪಾಯಿಯಾಗಿದ್ದವರು ಯಾರೋ ಮಾಡಿರಬೇಕು ಎಂದಳು ಡೋನಾ. ವಾಲ್ಟ್ ತಾನೂ ಸೇನೆಯಲ್ಲಿದ್ದು ಬಂದವನು. "ಸಿಪಾಯಿ ಮೇಲಿನವರ ಕಣ್ಣಿಗೆ ಬೀಳೋ ಕಡೆ ತಿಕ್ತಾನೆ. ಇವರಿಗೆ ಬೇಕಾಗಿದ್ದು ಹೆಸರು," ಎಂದ.

ಮೂಸಿ ನೋಡಿದ. ವಿನೆಗರ್ ವಾಸನೆ. ಉಗುರಿನಿಂದ ಬಿಳಿಯದನ್ನು ಕೆರೆದರೆ ಹಿಟ್ಟು ಹಿಟ್ಟಾಗಿ ಉದುರಿತು. ಗೋಧಿ ಹಿಟ್ಟು, ಉಪ್ಪು, ವಿನೆಗರ್ ಕಲಸಿದ ಈ ಲೇಪದ ವಾಸನೆ ಶನಿವಾರಗಳಲ್ಲಿ ಅವನ ಅಮ್ಮನ ಕೈಗೂ ಇರುತ್ತಿತ್ತು. ಚರ್ಚಿನ ಹೆಂಗಸರು ಹಿತ್ತಾಳೆಯ ಮೇಣದಬತ್ತಿ ಕಂಬಗಳನ್ನು ಬೆಳಗುವುದು ಅದರಿಂದಲೇ. ಡಾಕ್ಟರ ಕಸದ ಬುಟ್ಟಿಯಲ್ಲಿ ಅದೇ ಮೆತ್ತಿದ್ದ ಬಟ್ಟೆಯ ತುಂಡೂ ಸಿಕ್ಕಿತು.

ಮೈಕಲ್ ಸಬೋಲ್ 1944ರಲ್ಲಿ ಪೆಸಿಫಿಕ್‌ನ ಒಂದು ದ್ವೀಪದಲ್ಲಿ ಸತ್ತಿದ್ದ. ಒಡಹುಟ್ಟಿದವರಿಲ್ಲ. ತಾಯಿ ಅನ್ನಾ ಹೋದ ವರ್ಷ ತೀರಿಕೊಂಡಾಗ, ದೂರದ ಊರಿನಿಂದ ಬಂದ ಸೋದರಳಿಯ ಮನೆ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಮಾರಿದ. ಡಾಕ್ಟರು ಪದಕ ಕೊಂಡದ್ದು ಅಲ್ಲಿಯೇ.

ಶನಿವಾರ ವಾಲ್ಟ್ ಚರ್ಚಿಗೆ ಹೋದ. ಹೆಂಗಸರು ಮಡಿಲಲ್ಲಿ ಕಂಬಗಳನ್ನಿಟ್ಟುಕೊಂಡು ಬೆಳಗುತ್ತಿದ್ದರು. ನಿಮ್ಮಲ್ಲಿ ಮೈಕ್ ಸಬೋಲನನ್ನು ಬಲ್ಲವರು ಯಾರು ಎಂದು ಕೇಳಿದ. ಎಲ್ಲರ ಕೈಯೂ ನಿಂತಿತು. ತಲೆ ಎತ್ತದೆ ತಿಕ್ಕುತ್ತಲೇ ಇದ್ದವರು ಹೆಲೆನ್ ಜುರಿಕ್ ಒಬ್ಬರೇ. ವಾಲ್ಟ್ ಅವರ ಮಡಿಲಲ್ಲಿ ಆಡಿ ಬೆಳೆದವನು.

"ಹೆಲೆನತ್ತೆ, ನೀವೇನಾ?"

"ಒಂದು ವರ್ಷಕ್ಕೇ ಕಪ್ಪು ಹಿಡಿದು ಹೆಸರು ಕಾಣ್ತಿರಲಿಲ್ಲ ಕಣಪ್ಪ."

ಪಕ್ಕದ ಕೋಣೆಯಲ್ಲಿ ಕೂತು ಎಲ್ಲ ಹೇಳಿದರು. ಮೈಕ್ ಯುದ್ಧದಿಂದ ಬಂದ ಮೇಲೆ ತಮ್ಮಿಬ್ಬರ ಮದುವೆ ಎಂದು ಮಾತಾಗಿತ್ತು. ತಂತಿ ಬಂತು. ಎರಡು ವರ್ಷ ಬಿಟ್ಟು ಎಮಿಲ್ ಜುರಿಕನನ್ನು ಮದುವೆಯಾದರು. ಆದರೆ ಚರ್ಚಿನ ಕೆಲಸ ಮುಗಿದ ಮೇಲೆ ಪ್ರತಿ ಶನಿವಾರ ಅನ್ನಾಳ ಅಡುಗೆಮನೆಗೆ ಹೋಗುವುದು ತಪ್ಪಲಿಲ್ಲ. ಉಳಿದ ಲೇಪದಲ್ಲಿ ಇಬ್ಬರೂ ಸೇರಿ ಆ ಹೆಸರನ್ನು ಬೆಳಗುತ್ತಿದ್ದರು. ಅವನ ಹೆಸರು ಕಪ್ಪಾಗಲು ಬಿಡಬೇಡ ಎಂದು ಹೇಳಿಯೇ ಅನ್ನಾ ಕಣ್ಣು ಮುಚ್ಚಿದ್ದಳು. ಪದಕ ಮಾರುವಾಗ ಹೆಲೆನಳನ್ನು ಯಾರೂ ಕೇಳಲಿಲ್ಲ. ಕೇಳಲು ಆಕೆ ಯಾರಿಗೆ ಏನಾಗಬೇಕು?

"ಎಮಿಲ್‌ಗೆ ಗೊತ್ತಾಗಬಾರದು ವಾಲ್ಟ್. ಅವರು ಯುದ್ಧ ಮುಗಿದ ಮೇಲೆ ಈ ಊರಿಗೆ ಬಂದವರು. ಒಂಟಿ ಮುದುಕಿ ಜೊತೆಗೆ ಕೂತು ಬರ್ತೀನಿ ಅಂದಿದ್ದೆ. ಇವರೆಲ್ಲ ಇಷ್ಟು ವರ್ಷ ನನಗೋಸ್ಕರ ಬಾಯಿ ಮುಚ್ಚಿಕೊಂಡಿದಾರೆ."

ವಾಲ್ಟ್ ನೆಟ್ಟಗೆ ಡಾಕ್ಟರ ಮನೆಗೆ ಹೋಗಿ ದೂರು ವಾಪಸು ತೆಗೆದುಕೊಳ್ಳಿ ಎಂದು ಬೇಡಿಕೊಂಡ, ಕೈಮುಗಿಯುವುದೊಂದು ಬಾಕಿ. ಕೇಸು ಬರೆಸಿದರೆ ಗುರುವಾರದ ಪತ್ರಿಕೆಯಲ್ಲಿ ಬರುತ್ತದೆ, ಒಂದು ಸಂಸಾರದ ಮಾತು ಎಂದ. ಡಾಕ್ಟರು ಒಪ್ಪಲಿಲ್ಲ. ವಿಮೆಯವರು ಬಂಧನದ ಕಾಗದ ಕೇಳುತ್ತಾರಂತೆ.

ಸೋಮವಾರ ಹೆಲೆನ್ ಚರ್ಚಿಗೆ ಹಾಕುವ ಕೋಟು ತೊಟ್ಟು ತಾವೇ ಠಾಣೆಗೆ ಬಂದರು. ಇನ್ನೊಬ್ಬರ ವಸ್ತು ಕೆಡಿಸಿದ ಆರೋಪ. ಡೋನಾ ಒಂದೊಂದೇ ಬೆರಳನ್ನು ಮಸಿಗೆ ಒತ್ತಿ ಗುರುತು ತೆಗೆದುಕೊಂಡಳು. ಹುಟ್ಟಿದಾರಭ್ಯ ಯಾರಿಂದಲೂ ಒಂದು ಮಾತು ಕೇಳದ ಹೆಂಗಸಿನ ಮೇಲೆ ಮೊದಲ ಕೇಸು ಬಿತ್ತು, ಅದೂ ಸನ್ನಡತೆಯ ಪದಕ ಬೆಳಗಿದ್ದಕ್ಕೆ. ನ್ಯಾಯಾಲಯಕ್ಕೆ ಹಾಜರಾಗುವ ದಿನ ಗೊತ್ತುಮಾಡಿ, ಮನೆಗೆ ಹೋಗಬಹುದು ಎಂದರು.

ಅಷ್ಟರಲ್ಲಿ ಡಾಕ್ಟರು ಬಂದು ವರದಿಯ ಇನ್ನೊಂದು ಪ್ರತಿ ಕೇಳಿದರು. ವಿಮೆಗೆ ಒಂದು ಸಾಲದೇ ಎಂದ ವಾಲ್ಟ್.

"ಅದು ಪದಕದ ಜೊತೆ ಇಡೋಕೆ. ಇಂಥ ಕತೆ ಇರೋ ಪದಕಕ್ಕೆ ಕೊಳ್ಳೋರು ಮುಗಿಬೀಳ್ತಾರೆ."

ವಾಲ್ಟ್ ಪ್ರತಿ ಕೊಟ್ಟ. ಕೊಡಬೇಕೆಂದು ನಿಯಮವಿತ್ತು. ಆ ನಿಯಮ ಬರೆದವನನ್ನು ಮನಸ್ಸಿನಲ್ಲೇ ಬೈದುಕೊಂಡ.

ಹೆಂಡತಿಯನ್ನು ಕರೆದೊಯ್ಯಲು ಎಮಿಲ್ ಬಂದರು. ಯಾವ ಪದಕ, ಯಾರದ್ದು ಎಂದು ಕೇಳಿದರು. ಗುರುವಾರ ಪತ್ರಿಕೆಯಲ್ಲಿ ಓದುವುದಕ್ಕಿಂತ ಈಗಲೇ ತಿಳಿಯಲಿ ಎಂದು ವಾಲ್ಟ್ ಬಾಯಿ ತೆರೆದ. ಹೆಲೆನ್ ತಡೆದು ತಾವೇ ಹೇಳಿದರು, ಮೊದಲಿನಿಂದ ಕೊನೆಯವರೆಗೆ, ಬೆಂಚಿನ ಮೇಲೆ ಕೂತುಕೊಂಡು.

ಎಮಿಲ್ ಟೋಪಿಯ ಅಂಚು ಸವರಿದರು.

"ನಂದೂ ಒಂದಿದೆ, ಸನ್ನಡತೆದು. ಗ್ಯಾರೇಜಲ್ಲಿ ಮೊಳೆ ಡಬ್ಬಿಯೊಳಗೆ ಬಿದ್ದಿದೆ," ಎಂದರು. "ಬೆಳಗೋಕೆ ಅದರ ಮೇಲೆ ಹೆಸರೂ ಇಲ್ಲ. ಸತ್ತವರದ್ದಕ್ಕೆ ಕೆತ್ತಿಸಿ ಮನೆಗೆ ಕಳಿಸಿದರು, ಬದುಕಿ ಬಂದ ನಮಗೆ ಕೆತ್ತಿ ಕೊಡಲಿಲ್ಲ."

ದಿನದಂತೆ ಹೆಂಡತಿಗೆ ಕೋಟು ತೊಡಿಸಿದರು. ಗುಂಡಿ ಹಾಕಲು ಹೋಗಲಿಲ್ಲ. ಬಾಗಿಲು ಹಿಡಿದು ನಿಂತು, ಆಕೆ ಮಸಿಯ ಬೆರಳುಗಳಲ್ಲಿ ತಾನೇ ಹಾಕಿಕೊಳ್ಳುವುದನ್ನು ನೋಡಿದರು.