ದಿಂಬಿನ ಬಾಯಿ

“ಅತ್ತೆ, ಉಯಿಲಿನ ಪೆಟ್ಟಿಗೆ ಕಾಣ್ತಿಲ್ಲ. ಎಲ್ಲರೂ ಆ ಗಲಗಲ ಹುಡುಗಿ ಮೇಲೆ ಗೂಬೆ ಕೂರಿಸ್ತಿದ್ದಾರೆ.”

ಕಿರಿಯ ಟೀಚರು ಹೀಗೆ ಏದುಸಿರು ಬಿಡುತ್ತಾ ಬಂದಾಗ ವಾರ್ಡನ್ ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಅತ್ತೆಯೆಂದರೆ ಅವಳ ತಂದೆಯ ಸ್ವಂತ ತಂಗಿ. ಬಹಳ ವರ್ಷ ನರ್ಸಿಂಗ್ ಪಾಠ ಹೇಳಿ, ಈಗ ಅದೇ ಶಾಲೆಯ ಹಾಸ್ಟೆಲನ್ನು ನೋಡಿಕೊಳ್ಳುತ್ತಿದ್ದರು. ಕಳೆದುಹೋದ ಸೋಪಿನಿಂದ ಹಿಡಿದು ಕದ್ದು ಸಾಕಿದ ಬೆಕ್ಕಿನ ಮರಿಯವರೆಗೆ ಯಾವುದೂ ಅವರ ಕಣ್ಣು ತಪ್ಪಿಸಿದ್ದಿಲ್ಲ. ಹುಡುಗಿಯರು ಬೆನ್ನ ಹಿಂದೆ ಅವರನ್ನು ಎಕ್ಸ್‌ರೇ ಎನ್ನುತ್ತಿದ್ದರು. ಸೋದರಸೊಸೆಯೋ, ಈ ಶಾಲೆಗೆ ಹೊಸಬಳು. ಕೂತಲ್ಲಿ ಕೂರಲಾರದ ಜೀವ.

ಓದು ಮುಗಿಸಿ ಹೊರಡುವ ತಂಡದವರು ತಮಗಿಂತ ಕಿರಿಯ ತಂಡಕ್ಕೆ ಉಯಿಲು ಬರೆದು ಹೋಗುವುದು ಅಲ್ಲಿನ ರೂಢಿ. ಆಸ್ತಿಯೆಂದರೆ ಬರೀ ತಮಾಷೆ. ಪಾಳಿಯಲ್ಲಿ ತೂಕಡಿಸುವವಳಿಗೆ ಅಲಾರಂ, ಡಾಕ್ಟರರ ಅಕ್ಷರಕ್ಕೆ ಹೆದರುವವಳಿಗೆ ಭೂತಗನ್ನಡಿ. ಈ ಸಲ ಉಯಿಲು ಓದುವವಳು ಪಟಾಕಿ ಎಂದೇ ಹೆಸರಾದ ಮಾತುಗಾತಿ. ಎಲ್ಲ ಉಡುಗೊರೆಗಳನ್ನೂ ಒಂದೇ ಅಳತೆಯ ಖಾಲಿ ಹತ್ತಿಡಬ್ಬಿಗಳಲ್ಲಿಟ್ಟು, ಒಂದೇ ಬಗೆಯ ಕಾಗದ ಸುತ್ತಿ, ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿದ್ದಳು. “ಯಾವುದು ಯಾರ ಆಸ್ತಿ ಅಂತ ನನಗೊಬ್ಬಳಿಗೇ ಗೊತ್ತು,” ಎಂದು ಊಟದ ಕೋಣೆಯಲ್ಲಿ ಜಂಬ ಕೊಚ್ಚಿದ್ದಳು.

ಆದರೆ ಒಂದು ತಮಾಷೆ ಮಾತ್ರ ಬಾಯಿಂದ ಬಾಯಿಗೆ ಸೋರಿಹೋಗಿತ್ತು. ಎರಡನೇ ವರ್ಷದ ಹುಡುಗಿಯೊಬ್ಬಳಿಗೆ ಯಾರಾದರೂ ನೋಡುತ್ತಿದ್ದರೆ ಕೈ ನಡುಗುತ್ತಿತ್ತು. ಅವಳ ಕೈಯಲ್ಲಿ ಕಪ್ಪು-ಸಾಸರು ಸದ್ದು ಮಾಡುತ್ತವೆಂದು ಗಲಗಲ ಎಂದು ಕರೆಯುತ್ತಿದ್ದರು. ಅವಳಿಗೆ ಸಿಗಲಿದ್ದದ್ದು ಸಾಸರಿಗೆ ಅಂಟಿಸಿದ ಕಪ್ಪು.

“ಪ್ರಿನ್ಸಿಪಾಲರು ಏನಂತಾರೆ?” ಅತ್ತೆ ಕೇಳಿದರು.

“ಸಂಜೆ ಚಹಾದ ಹೊತ್ತಿನೊಳಗೆ ಒಪ್ಪಿಕೊಳ್ಳದಿದ್ರೆ ಮನೆಗೆ ಕಳಿಸ್ತಾರಂತೆ. ಕದಿಯೋ ಕೈಗೆ ಔಷಧಿ ಬೀರು ಒಪ್ಪಿಸೋಕಾಗಲ್ಲ ಅಂತ ಅವಳಪ್ಪನಿಗೆ ಆಗಲೇ ಫೋನ್ ಮಾಡಿಯಾಯ್ತು. ಅವಳು ‘ನಾನಲ್ಲ’ ಅನ್ನೋದು ಬಿಟ್ರೆ ಬೇರೆ ಮಾತಾಡ್ತಿಲ್ಲ. ಏಳಿ ಅತ್ತೆ, ಆಮೇಲೆ ಹೊಲಿದರಾಯ್ತು.”

ಇಬ್ಬರೂ ಹುಡುಕಾಟಕ್ಕೆ ಹೊರಟರು. ಹಾಸ್ಟೆಲ್ ತುಂಬ ಟ್ರಂಕುಗಳ ದಡಬಡ. ಹೊರಡುವವರಿಗೆ ಹೊರಡುವ ತವಕ, ಉಳಿಯುವವರಿಗೆ ಏನು ಕಾದಿದೆಯೋ ಎಂಬ ಕಳವಳ. ಸೊಸೆ ಒಂದು ಬಾಗಿಲು ತೆರೆದು ಪೂರ್ತಿ ನೋಡುವ ಮೊದಲೇ ಮುಂದಿನದಕ್ಕೆ ಓಡುತ್ತಿದ್ದಳು. ಹುಡುಗಿ ಒಮ್ಮೆ ಕಳ್ಳಿಯೆಂದು ಮನೆಗೆ ಹೋದರೆ ಮತ್ತೆ ಯಾವ ಶಾಲೆಯೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು ಸೊಸೆಯನ್ನು ಹೀಗೆ ಓಡಿಸುತ್ತಿತ್ತು.

ಕೊನೆಗೆ ಅಭ್ಯಾಸದ ಕೋಣೆಗೆ ಬಂದರು. ಮೊದಲ ವರ್ಷದವರು ಹಾಸಿಗೆ ಹಾಸುವುದನ್ನು, ರೋಗಿಯನ್ನು ಹೊರಳಿಸುವುದನ್ನು ಕಲಿಯುವ ಜಾಗ ಅದು. ಅಲ್ಲಿದ್ದ ಒಂದೇ ಮಂಚದ ಮೇಲೆ ‘ಅಜ್ಜಿ’ ಎಂಬ ರಬ್ಬರ್ ಬೊಂಬೆ ಸದಾ ಅಂಗಾತ ಮಲಗಿರುತ್ತಿತ್ತು. ಅಂದು ಅಜ್ಜಿಯ ಹೊಟ್ಟೆ ವಿಪರೀತ ಉಬ್ಬಿತ್ತು. ಹೊದಿಕೆ ಎತ್ತಿದರೆ ಪೆಟ್ಟಿಗೆ.

ಸೊಸೆ ಕುಕ್ಕರಗಾಲಲ್ಲಿ ಕೂತು ಡಬ್ಬಿಗಳನ್ನು ಎಣಿಸಿದಳು. “ಎರಡನೇ ವರ್ಷದವರ ಲೆಕ್ಕಕ್ಕೆ ಒಂದು ಕಮ್ಮಿ ಇದೆ. ಉಳಿದವಕ್ಕೆ ಸುತ್ತಿದ ಕಾಗದ ಕೂಡ ಹರಿದಿಲ್ಲ.” ಬಿಚ್ಚಿ ನೋಡಿದರು. ಇಲ್ಲದಿದ್ದದ್ದು ಅಂಟಿಸಿದ ಕಪ್ಪು. ಸೊಸೆಯ ಮುಖ ಸಪ್ಪಗಾಯಿತು. “ಮುಗೀತು ಅತ್ತೆ. ತನ್ನದನ್ನೇ ಎತ್ತಿಕೊಂಡಿದ್ದಾಳೆ ಅಂತಾರೆ.”

ಅತ್ತೆ ಹಾಸಿಗೆಯನ್ನೇ ನೋಡುತ್ತಿದ್ದರು. “ಪೆಟ್ಟಿಗೆ ಇಟ್ಟು ಹಾಸಿಗೆನೇ ಹೊಸದಾಗಿ ಹಾಸಿದಾಳೆ. ಹಾಸಿನ ಮೂಲೆ ಹೇಗೆ ಮಡಿಸಿದಾಳೆ ನೋಡು, ಪಳಗಿದ ಕೈ. ದಿಂಬಿನ ಬಾಯಿ ಯಾವ ಕಡೆಗಿದೆ?”

“ಬಾಗಿಲ ಕಡೆಗೆ. ಅಯ್ಯೋ, ಅದು ತಪ್ಪಲ್ವಾ? ಒಳಗೆ ಬರೋರಿಗೆ ಗವಸಿನ ಬಾಯಿ ಕಾಣಬಾರದು ಅಂತ ಮೊದಲ ವಾರವೇ ಕಲಿಸ್ತೀವಿ.”

ಅತ್ತೆ ಎದುರು ಗೋಡೆಗೆ ಹೋಗಿ ಕಪ್ಪುಹಲಗೆಯ ಪಕ್ಕ ಕೈಯಾಡಿಸಿದರು. ಅಲ್ಲಿ ನೆಲದಿಂದ ಆಳೆತ್ತರದವರೆಗೆ ಬಣ್ಣ ಬೇರೆ ಕಡೆಗಿಂತ ಹೊಸದಾಗಿತ್ತು. “ಎಲ್ಲರನ್ನೂ ಪ್ರಿನ್ಸಿಪಾಲರ ಕೋಣೆಗೆ ಕರಿ,” ಎಂದರು.

ಎರಡೂ ತಂಡದವರು ಗೋಡೆಗೊತ್ತಿ ನಿಂತರು. ಗಲಗಲ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಪ್ರಿನ್ಸಿಪಾಲರು ಗಡಿಯಾರ ನೋಡಿದರು. “ಹೇಳಿ ವಾರ್ಡನ್, ಅವಳ ಕಪ್ಪೇ ಇಲ್ಲ ಅಂದ್ಮೇಲೆ ಇನ್ನೇನಿದೆ?”

“ಅದರಲ್ಲೇ ಎಲ್ಲಾ ಇದೆ ಮೇಡಂ. ಎಲ್ಲಾ ಡಬ್ಬಿಗಳೂ ಒಂದೇ ಥರ, ಮೇಲೆ ಹೆಸರಿಲ್ಲ. ಇವಳು ಕದ್ದಿದ್ರೆ ತನ್ನದು ಸಿಗೋ ತನಕ ಒಂದೊಂದಾಗಿ ಬಿಚ್ಚಬೇಕಿತ್ತು. ಒಂದನ್ನೂ ಬಿಚ್ಚಿಲ್ಲ. ನೇರವಾಗಿ ಅದಕ್ಕೇ ಕೈ ಹಾಕಿದ್ದಾರೆ.”

ಸೊಸೆಗೆ ಊಟದ ಕೋಣೆಯ ಜಂಬ ತಟ್ಟನೆ ನೆನಪಾಯಿತು. ಪಟಾಕಿಯ ಕಡೆ ನೋಡಿದಳು.

“ಇನ್ನು ದಿಂಬು,” ಅತ್ತೆ ಮುಂದುವರಿಸಿದರು. “ಅದರ ಬಾಯಿ ಈಗಿನ ಬಾಗಿಲ ಕಡೆಗಿತ್ತು. ಆದರೆ ಅಭ್ಯಾಸದ ಕೋಣೆಯ ಬಾಗಿಲು ಮೊದಲು ಎದುರು ಗೋಡೆಯಲ್ಲಿತ್ತು. ಈಗ ಹೊರಡ್ತಿರೋರ ಮೊದಲ ವರ್ಷ ಮುಗಿದ ಮೇಲೆ ಅದನ್ನ ಮುಚ್ಚಿ, ಈ ಕಡೆ ತೆಗೆದ್ರು. ಇವಳ ತಂಡ ಕಲಿತದ್ದು ಹೊಸ ಬಾಗಿಲಲ್ಲಿ. ಹಳೇ ಬಾಗಿಲಿಗೆ ಬೆನ್ನು ಮಾಡಿ ದಿಂಬು ಇಟ್ಟಿರೋದು ಹಳೇ ತಂಡದ ಕೈ. ಅವಸರದಲ್ಲಿ ಕಣ್ಣು ಬಾಗಿಲು ನೋಡಲಿಲ್ಲ, ಕೈ ತಾನು ಕಲಿತ ಹಾಗೇ ಮಾಡ್ತು. ಹೊರಡೋ ತಂಡದಲ್ಲಿ ಡಬ್ಬಿಗಳ ಗುರುತು ಗೊತ್ತಿದ್ದವಳು ಒಬ್ಬಳೇ.”

ಪಟಾಕಿ ತಲೆ ತಗ್ಗಿಸಿದಳು. ತಲೆ ಎತ್ತದೆಯೇ ಗಲಗಲ ನಿಂತ ಕಡೆ ಕೈ ತೋರಿಸಿದಳು.

“ನಿನ್ನೆ ಸಂಜೆ ಇವಳು ಬಟ್ಟೆ ಒಣಗಿಸೋ ಕಡೆ ಒಬ್ಬಳೇ ಅಳ್ತಿದ್ಲು. ಆ ಕಪ್ಪು ಬೇಡ ಅನ್ನಿಸ್ತು ಮೇಡಂ. ಅದೊಂದೇ ತೆಗೆದ್ರೆ ನಮ್ಮವರು ನಾನು ಮೆತ್ತಗಾದೆ ಅಂತ ಆಡಿಕೊಳ್ತಾರೆ. ಪೆಟ್ಟಿಗೆನೇ ಬಚ್ಚಿಟ್ಟು, ಕಳೆದುಹೋಯ್ತು ಅಂದ್ರೆ ಉಡುಗೊರೆ ಇಲ್ಲದೆ ಬರೀ ಮಾತಲ್ಲೇ ಮುಗಿಸಬಹುದು ಅಂದ್ಕೊಂಡೆ. ಪೆಟ್ಟಿಗೆ ಸಿಕ್ಕಿದ್ರೂ ಕಪ್ಪು ಸಿಗಬಾರದು ಅಂತ ಅದನ್ನ ಮಾತ್ರ ನನ್ನ ಟ್ರಂಕಿಗೆ ಹಾಕಿದೆ. ಬೆಳಗ್ಗೆ ಎಲ್ಲರೂ ಇವಳನ್ನೇ ಹಿಡಿದುಕೊಂಡ್ರು. ಆಗ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ.”

ಸೊಸೆಗೆ ರೇಗಿಹೋಯಿತು. ಕರುಣೆ ತೋರಿಸಲೂ ಕದ್ದುಮುಚ್ಚಿ ಓಡಾಡಬೇಕೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಗಲಗಲ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದು, ಮೇಜಿನ ಮೇಲಿದ್ದ ಫೋನನ್ನು ಪಟಾಕಿಗೆ ತೋರಿಸಿದಳು. ಬೆರಳು ನಡುಗುತ್ತಿತ್ತು; ದನಿ ನಡುಗಲಿಲ್ಲ.

“ನನ್ನ ಕರ್ಕೊಂಡು ಹೋಗೋಕೆ ಅಪ್ಪ ಹೊರಡೋ ಹೊತ್ತಾಯ್ತು. ನೀವೇ ಮಾತಾಡಿ ಅಕ್ಕ. ನಾನು ಹೇಳಿದ್ರೆ ತಪ್ಪಿಸಿಕೊಳ್ಳೋಕೆ ಹೇಳ್ತಿದೀನಿ ಅಂದ್ಕೊಳ್ತಾರೆ.”

ಪ್ರಿನ್ಸಿಪಾಲರು ಫೋನನ್ನು ಮುಂದಕ್ಕೆ ತಳ್ಳಿದರು. ಗಲಗಲ ಹೇಳಿದ ನಂಬರನ್ನು ಪಟಾಕಿ ಒತ್ತಿದಳು. “ನಮಸ್ಕಾರ. ನಾನು ನಿಮ್ಮ ಮಗಳ ಸೀನಿಯರ್. ಅವಳೇನೂ ಕದ್ದಿಲ್ಲ. ಪೆಟ್ಟಿಗೆ ಬಚ್ಚಿಟ್ಟವಳು ನಾನು. ಅವಳನ್ನ ಬೈಯೋವಾಗ ಸುಮ್ಮನೆ ನಿಂತಿದ್ದವಳೂ ನಾನೇ.”

ಆ ಕಡೆಯ ಬೈಗುಳಕ್ಕೆ ಎಲ್ಲರೂ ಮೈ ಬಿಗಿಹಿಡಿದು ಕಾದರು. ಪಟಾಕಿ ಕೇಳಿಸಿಕೊಂಡು, ಫೋನಿನ ಬಾಯಿಗೆ ಅಂಗೈ ಮುಚ್ಚಿ ತಿರುಗಿದಳು. ಅವಳ ಕಣ್ಣು ತುಂಬಿಬಂದಿತ್ತು.

“ಬೆಳಗ್ಗೆಯಿಂದ ಅವಳು ಏನಾದ್ರೂ ತಿಂದ್ಲಾ ಅಂತ ಕೇಳ್ತಿದ್ದಾರೆ.”

ರೋಗಿ ಉಂಡನೋ ಇಲ್ಲವೋ ಎಂದು ವಿಚಾರಿಸುವುದೇ ಕಸುಬಾದವರು ಕೋಣೆ ತುಂಬ ನಿಂತಿದ್ದರು. ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ನೆಲ ನೋಡಿದಳು. ಗಲಗಲ ಒಬ್ಬಳನ್ನು ಬಿಟ್ಟರೆ ಉತ್ತರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.